ಅಕ್ಕನ ಮೂವತ್ತೊಂದನೇ ನಂಬರಿನ ಕೋಳಿ

ನಮ್ಮಕ್ಕ ಕೋಳಿಗೂ ಬೆಡಗು ಕೇಳುತ್ತಿದ್ದಳು! ನಮ್ಮ ಐ.ಡಿ.ಹಳ್ಳಿ ಕಡೆ ಹೆಣ್ಣು ಕೊಡುವಾಗ ಬೆಡಗು, ಅಂದರೆ ಯಾವ ವಂಶದ ಬಳ್ಳಿ ಎಂದು, ಕೇಳುವುದುಂಟು. ಕೋಳಿಗೆ ಕೇಳಿದವರು ಇನ್ನೊಬ್ಬರಿದ್ದರೆ ತೋರಿಸಿ!

ಎಂಬತ್ತರ ದಶಕದ ಮಾತು. ನಾನು ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಕುರಿ ಹಿಂದೆ ಹೋದವನು. ಅಕ್ಕ ಬೆಂಗಳೂರಿನಲ್ಲಿ ಪಶುವೈದ್ಯದ ದೊಡ್ಡ ಓದು ಓದುತ್ತ, ಪ್ರಯೋಗದ ಕೋಳಿಗಳನ್ನು ನಮ್ಮ ಹಿತ್ತಲಲ್ಲೇ ಸಾಕಿದ್ದಳು. ಎಲ್ಲದರ ಕಾಲಿಗೂ ನಂಬರಿನ ಉಂಗುರ. ತಾನು ಮಾತ್ರ ಕಾಲುಂಗುರಕ್ಕೆ ಒಪ್ಪಲೇ ಇಲ್ಲ! ತಿಂಗಳಿಗೊಮ್ಮೆ ರೆಕ್ಕೆಯಡಿ ಸೂಜಿ ಚುಚ್ಚಿ, ರಕ್ತವನ್ನು ಐಸ್ ಹಾಕಿದ ಫ್ಲಾಸ್ಕಿನಲ್ಲಿ ಒಯ್ಯುವಳು. ಬಸ್ಸಿನಲ್ಲಿ ಯಾರಾದರೂ, "ಕಾಫಿನಾ ಕಣಮ್ಮ?" ಎಂದರೆ, "ಕೋಳಿ ರಕ್ತ" ಎನ್ನುವಳು. ಇಡೀ ಸೀಟು ಅವಳಿಗೇ!

"ರಕ್ತದಾಗೆ ಅಪ್ಪ ಅವ್ವನಿಂದ ಬಂದ ಗುರುತಿರ್ತದೆ ಕಣ್ಲಾ. ಯಾವ ಗುರುತಿಂದು ಬೇಗ ಬೆಳೀತದೆ, ಯಾವುದು ಕೊಬ್ಬು ಕಟ್ತದೆ, ನೋಡ್ಬೇಕು."

"ಕೊಬ್ಬು ತಿಳಿಯಾಕೆ ರಕ್ತ ಯಾಕಕ್ಕ? ಮಾತಾಡಿಸಿದ್ರೆ ಸಾಲ್ದಾ?"

"ನಿಂದು ಅಂಗೇ ಗೊತ್ತಾಗ್ತದೆ ಬುಡು!"

ಕೊನೆಗೆ ಕೊಯ್ದು ಹೊಟ್ಟೆಯ ಕೊಬ್ಬು ತೂಗಬೇಕು. ಒಂದು ಕೋಳಿ ತಪ್ಪಿದರೂ ಅದರ ವಂಶದ ಲೆಕ್ಕವೆಲ್ಲ ಹಾಳು. ಹಾಗೆಂದು ಎಚ್ಚರಿಸಿಯೇ ನನಗೆ ಒಪ್ಪಿಸಿ ಹೋಗಿದ್ದಳು.

ಪಾವಗಡದಿಂದ ನನ್ನ ಬಾಮೈದ ಬಂದ. "ಏಂ ಬಾವಾ, ಹಿತ್ತಲ ತುಂಬ ಕೋಳಿ, ನನಗೆ ಬರೀ ಹುರುಳಿ ಸಾರಾ?" ಎಂದ. ಮರ್ಯಾದೆ ಪ್ರಶ್ನೆ! ಎಲ್ಲಕ್ಕಿಂತ ದಪ್ಪಗಿದ್ದ ಮೂವತ್ತೊಂದನೇ ನಂಬರನ್ನು ಕೊಯ್ದೆ. ಅದೇ ಬಣ್ಣದ ಪಕ್ಕದ ಮನೆಯ ಕೋಳಿಯನ್ನು ಕೊಂಡು ಉಂಗುರ ತೊಡಿಸಿದೆ. ಬುದ್ಧಿವಂತನಲ್ಲವೇ!

ಅಕ್ಕ ಬಂದು ರಕ್ತ ಒಯ್ದಳು. ಮತ್ತೆ ಬಂದಾಗ ಕೈಯಲ್ಲಿ ಆ ರಕ್ತದ ಗುರುತು ತೋರಿಸುವ ಪಟ್ಟೆ ಪಟ್ಟೆಯ ಚಿತ್ರ.

"ಲೇ, ಈ ಮೂವತ್ತೊಂದು ಅದರ ಅವ್ವನ ಮರಿಯೇ ಅಲ್ಲ."

"ಮೇವು ಬದಲಾಯ್ತಲ್ಲ, ಅದಕ್ಕೇನೋ..."

"ಮೇವು ಬದಲಾದ್ರೆ ಅವ್ವ ಬದಲಾಗ್ತಾಳೇನ್ಲಾ?"

ಎಲ್ಲ ಒಪ್ಪಿಕೊಂಡೆ. ಕೆನ್ನೆಗೆ ಬೀಳುತ್ತದೆಂದು ಕಣ್ಣು ಮುಚ್ಚಿದೆ.

"ಹೊಟ್ಟೇಲಿ ಕೊಬ್ಬೆಷ್ಟಿತ್ತು?" ಎಂದಳು!

ಅಂಗೈ ತೋರಿಸಿ, "ಇದರ ತುಂಬ" ಎಂದೆ. ಅಷ್ಟೇ ಬೆಣ್ಣೆಯನ್ನು ಅಂಗೈಗೆ ಮೆತ್ತಿಸಿ, ಕೆರೆದು ತೂಗಿ, ಪುಸ್ತಕದಲ್ಲಿ ಬರೆದಳು.

ಆ ಬೆಣ್ಣೆಯ ತೂಕವನ್ನು ಅವಳ ಗುರುಗಳು ಒಪ್ಪುತ್ತಾರೆಯೇ? ಅಕ್ಕ ಇನ್ನೊಂದು ವರ್ಷ ಕೋಳಿ ಸಾಕಿ ಪದವಿ ತಂದಳು. ನನ್ನ ಹೆಸರನ್ನು ಯಾರ ಮುಂದೆಯೂ ಎತ್ತಲಿಲ್ಲ. ನಮ್ಮ ಹಟ್ಟಿಯಲ್ಲಿ ಮೊದಲ ಡಾಕ್ಟರು ನಮ್ಮಕ್ಕ! ಕೋಳಿಯದಾದರೇನು?

ಆ ಪುಸ್ತಕ ಈಗ ನನ್ನ ಬಳಿ ಇದೆ. ಪೂರ್ತಿ ಇಂಗ್ಲಿಷು. ಬೆಣ್ಣೆಯ ತೂಕದ ಪಕ್ಕ ಮಾತ್ರ, ನಾನೂ ಓದಲೆಂದೋ ಏನೋ, ದಪ್ಪ ಕನ್ನಡ ಅಕ್ಷರದಲ್ಲಿ ಬರೆದಿದ್ದಾಳೆ: "ತಮ್ಮ ಹೇಳಿದ್ದು. ನಂಬಬಹುದು."