ಎಡಗಡೆ ಸೀಟಿನ ಮಹಿಮೆ

ಹೆಂಡತಿ ಪಕ್ಕದಲ್ಲಿ ಕುಳಿತರೆ ಸರಾಗವಾಗಿ ಗುಡ್ಡ ಹತ್ತುವ ಜೀಪು, ಅವಳಿಲ್ಲದಿದ್ದರೆ ಬುಡದಲ್ಲೇ ಮೊಂಡು ಹಿಡಿದು ನಿಲ್ಲುವುದೇಕೆ ಎಂಬುದು ಭೂಗೋಳದ ಮೇಷ್ಟ್ರಿಗೆ ಬಗೆಹರಿಯಲೇ ಇಲ್ಲ. ಮೂರು ಲಕ್ಷ ಕಿಲೋಮೀಟರ್ ಓಡಿ ಹೈರಾಣಾಗಿದ್ದ ಆ ಹಳೇ ಜೀಪನ್ನು, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುತ್ತದೆ ಎಂಬ ಒಂದೇ ಕಾರಣಕ್ಕೆ, ಮನೆಯವರ ವಿರೋಧ ಕಟ್ಟಿಕೊಂಡು ತಂದಿದ್ದರು. ಗೇರಿನ ಪಕ್ಕದ ಸಣ್ಣ ಲಿವರ್ ಎಳೆದರೆ ಸಾಕು, ಕಾಡುಮೇಡೆಲ್ಲ ತಮ್ಮ ಕಾಲಡಿಗೆ ಎಂದು ಕೊಚ್ಚಿಕೊಂಡಿದ್ದರು. (ಪಾಠ ಹೇಳಿದ್ದು ಬಿಟ್ಟರೆ ಕಾಡುಮೇಡಿಗೆ ಕಾಲಿಟ್ಟವರಲ್ಲ, ಅದು ಬೇರೆ ಮಾತು.)

ಈಗ ಪರೀಕ್ಷೆಯ ಕಾಲ. ಭಾನುವಾರ ಊರಿನ ಜೀಪು ಮಾಲೀಕರ ಬಳಗದವರ ಮುಂದೆ ಕಲ್ಲುಕ್ವಾರಿಯ ಏರು ಹತ್ತಿದರೆ ಬಳಗಕ್ಕೆ ಸೇರ್ಪಡೆ. ಹತ್ತದಿದ್ದರೆ ಜೀಪು ಗುಜರಿಗೆ. ಇದು ಹೆಂಡತಿಯ ತೀರ್ಪು, ಮೇಲ್ಮನವಿಗೆ ಅವಕಾಶವಿಲ್ಲ.

"ನಿನ್ನ ತೂಕ ಎಷ್ಟಿರಬಹುದು?" ಶನಿವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ಮೇಷ್ಟ್ರು ಕೇಳಿದರು.

ಬಡಿಸುತ್ತಿದ್ದ ಸೌಟು ಗಾಳಿಯಲ್ಲೇ ನಿಂತಿತು. "ಯಾಕೆ, ಜೀಪಿನ ಬದಲು ನನ್ನನ್ನ ಗುಜರಿಗೆ ಹಾಕೋ ಯೋಚನೆನಾ?"

"ವೈಜ್ಞಾನಿಕ ಕಾರಣಕ್ಕೆ ಕಣೇ."

"ಹಾಗಾದ್ರೆ ವಿಜ್ಞಾನನೇ ಬಡಿಸಲಿ."

ಸೌಟು ಪಾತ್ರೆಗೆ ವಾಪಸ್ಸು ಹೋಯಿತು. ಮೇಷ್ಟ್ರು ಅಂದಾಜಿನ ಮೇಲೆ ಮರಳಿನ ಮೂಟೆಯೊಂದನ್ನು ಎಡಗಡೆ ಸೀಟಿನಲ್ಲಿ ಕೂರಿಸಿ, ಸಂಜೆ ಒಬ್ಬರೇ ಹೋಗಿ ಪ್ರಯೋಗ ಮಾಡಿದರು. ಹಿಂದಿನ ಚಕ್ರಗಳು ಮಣ್ಣು ತೋಡಿದವೇ ಹೊರತು ಜೀಪು ಮುಂದೆ ಹೋಗಲಿಲ್ಲ. ಹಾಗಾದರೆ ತೂಕವಲ್ಲ. ಅವಳ ಕಾಲ್ಗುಣವೇ? ಅಥವಾ ಜೀಪಿಗೂ ಅವಳನ್ನು ಕಂಡರೆ ಭಯವೇ? (ಎರಡನೆಯದು ಅವರಿಗೆ ಚೆನ್ನಾಗಿ ಅರ್ಥವಾಗುವಂಥದ್ದು.)

ಕೊನೆಗೆ ಭಾನುವಾರ ಮಾನ ಬಿಟ್ಟು ಗೋಗರೆದು ಹೆಂಡತಿಯನ್ನೇ ಕರೆದೊಯ್ದರು. ಏರಿನ ಬುಡದಲ್ಲಿ ಲಿವರ್ ಎಳೆದು, ಕನ್ನಡಿಯಲ್ಲಿ ಮೀಸೆ ತೀಡಿಕೊಳ್ಳುತ್ತಿದ್ದಾಗ ಅವಳು ಎಂದಿನಂತೆ "ಒಂದ್ನಿಮಿಷ ತಡೀರಿ" ಎಂದು ಇಳಿದು, ಮುಂದಿನ ಎರಡೂ ಚಕ್ರಗಳ ಬಳಿ ಬಗ್ಗಿ, ಮತ್ತೆ ಬಂದು ಸೀಟಿನಲ್ಲಿ ಕುಳಿತಳು. ಜೀಪು ಕೆಮ್ಮುತ್ತಾ ನೆತ್ತಿಗೆ ಹೋಗಿ ನಿಂತಿತು. ಮೇಷ್ಟ್ರಿಗೆ ಸ್ವರ್ಗ ಮೂರೇ ಗೇಣು.

"ನಿಮ್ಮನೆಯವರು ಇಳಿದು ಏನು ಮಾಡಿದ್ರು?" ಬಳಗದ ಅಧ್ಯಕ್ಷರಾದ ದಂತವೈದ್ಯರು ಕೇಳಿದರು.

"ಗಾಳಿ ನೋಡಿರ್ತಾಳೆ. ಹೆಂಗಸು, ಪಂಕ್ಚರಿನ ಭಯ."

"ಗಾಳಿ ಅಲ್ಲ ರೀ," ಎಂದಳು ಹೆಂಡತಿ. "ಚಕ್ರದ ನಡುವಿನ ಬಿಲ್ಲೆ ತಿರುಗಿಸಿದೆ. ಅದು ತಿರುಗಿಸದಿದ್ರೆ ನೀವು ಲಿವರ್ ಎಳೆದ್ರೂ ಮುಂದಿನ ಚಕ್ರ ಎಳೆಯಲ್ಲ. ವಾಪಸ್ಸು ಟಾರು ರಸ್ತೆಗೆ ಬಂದ ಮೇಲೆ ಬಿಡಿಸಿಬಿಡ್ತೀನಿ."

"ನಿನಗ್ಯಾರು ಹೇಳಿದ್ದು?"

"ಜೀಪು ಮಾರಿದ ಹಿರಿಯರು. ಆಗ ನೀವು ಅವರಿಗೇ ಜೀಪಿನ ಪಾಠ ಮಾಡ್ತಿದ್ರಿ."

"ನನಗೊಂದು ಮಾತು ಹೇಳಬಾರದಿತ್ತಾ?"

"ಗೊತ್ತಿದ್ದೂ ಬಗ್ಗೋಕೆ ಸೋಮಾರಿತನ ಅಂದ್ಕೊಂಡೆ."

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಬಳಗ ಜೀಪು ಬಲ್ಲವರನ್ನು ಮಾತ್ರ ಸೇರಿಸಿಕೊಳ್ಳುತ್ತದೆಂದು ಹೇಳಿ ಹೆಂಡತಿಗೆ ಹಸ್ತಲಾಘವ ಕೊಟ್ಟರು. ಜೀಪು ಗುಜರಿಗೆ ಹೋಗುವುದು ತಪ್ಪಿತು. ಮೇಷ್ಟ್ರಿಗಿಂತ ಮೊದಲೇ ಲೈಸೆನ್ಸ್ ಪಡೆದಿದ್ದ ಹೆಂಡತಿ ಆ ಕ್ಷಣದಿಂದ ಸ್ಟೇರಿಂಗ್ ಹಿಡಿದಳು, ಇಳಿದು ಬಗ್ಗುವ ಹುದ್ದೆ ಮೇಷ್ಟ್ರ ಪಾಲಿಗೆ ಬಂತು.

ಮುಂದಿನ ಭಾನುವಾರ, ಜೀವಮಾನವಿಡೀ ಮಕ್ಕಳಿಗೆ ದಿಕ್ಕು ಕಲಿಸಿದ ಮೇಷ್ಟ್ರು ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ತಲೆಯೆತ್ತಿದರು. "ಈ ಬಿಲ್ಲೆ ತಿರುಗಿಸೋದು ಎಡಕ್ಕಾ, ಬಲಕ್ಕಾ?"

"ಬಲಕ್ಕೆ ರೀ."

"ನನ್ನ ಬಲಕ್ಕಾ, ಜೀಪಿನ ಬಲಕ್ಕಾ?"

ಹಿಂದೆ ಸಾಲಾಗಿ ನಿಂತಿದ್ದ ಜೀಪುಗಳವರು ಒಬ್ಬೊಬ್ಬರಾಗಿ ಎಂಜಿನ್ ಆರಿಸಿ, ಬುತ್ತಿ ಬಿಚ್ಚಿದರು.