ನಲವತ್ತು ಲೀಟರಿನ ರಜೆ

ರಜೆಯ ಮೂರನೆಯ ದಿನ ಬೆಳಿಗ್ಗೆ, ತಮ್ಮ ಬಾಳು ಗಾಣದೆತ್ತಿಗಿಂತ ಕಡೆ ಎಂಬುದು ಗಡಿಯಾರ ರಿಪೇರಿಯವರಿಗೆ ಖಾತ್ರಿಯಾಯಿತು. ಎತ್ತಾದರೂ ಸಮನೆಲದಲ್ಲಿ ಸುತ್ತುತ್ತದೆ. ಇವರು ಕೊಳಚೆ ನೀರಿನ ಟ್ಯಾಂಕನ್ನು ಎಳೆದುಕೊಂಡು ಇಳಿಜಾರು ಇಳಿದು, ಪ್ರವಾಸಿ ವ್ಯಾನುಗಳು ತಂಗುವ ಕ್ಯಾಂಪಿನ ಆ ತುದಿಯ ಗುಂಡಿಗೆ ಸುರಿದು, ಮತ್ತೆ ಏರು ಹತ್ತಿ ಬರಬೇಕು. ಅದೂ ದಿನಕ್ಕೆ ಮೂರು ಸಲ.

ಬಾಡಿಗೆಗೆ ತಂದ ವ್ಯಾನಿನಲ್ಲಿ ಹಾಸಿಗೆ, ಒಲೆ, ಬಚ್ಚಲು ಎಲ್ಲವೂ ಇದ್ದವು. ಬಳಸಿದ ನೀರು ವ್ಯಾನಿನ ಹೊಟ್ಟೆಯಲ್ಲಿ ತುಂಬುತ್ತಿತ್ತು. ಅದನ್ನು ಚಕ್ರದ ಟ್ಯಾಂಕಿಗೆ ಇಳಿಸಿಕೊಂಡು ಸಾಗಿಸಬೇಕು. ಆ ಟ್ಯಾಂಕನ್ನು ಮಾತ್ರ ತಾವೇ ಕೊಳ್ಳಬೇಕಿತ್ತು.

ಅಂಗಡಿಯವನು ನಾಲ್ಕು ಚಕ್ರದ, ನೂರು ಲೀಟರಿನ ಟ್ಯಾಂಕು ತೋರಿಸಿದ್ದ. "ನಾಲ್ಕು ಜನ ಅಂತೀರಿ, ಇದೇ ತಗೊಳ್ಳಿ ಸಾರ್. ದಿನಕ್ಕೊಂದು ಸಲ ಎಳೆದ್ರೆ ಸಾಕು."

ಹೆಂಡತಿಯೂ ಅದೇ ಸರಿ ಎಂದಳು. (ಎಂದದ್ದೇ ತಪ್ಪಾಯಿತು.) ಇವರು ಜೇಬಿನಿಂದ ಭೂತಗನ್ನಡಿ ತೆಗೆದು, ಎರಡು ಚಕ್ರದ ನಲವತ್ತು ಲೀಟರಿನ ಪುಟ್ಟ ಟ್ಯಾಂಕಿನ ಮುಚ್ಚಳ, ವಾಷರು ಎಲ್ಲವನ್ನೂ ಪರೀಕ್ಷಿಸಿ, "ಇದರ ಕೆಲಸ ಅಚ್ಚುಕಟ್ಟು" ಎಂದು ತೀರ್ಪು ಕೊಟ್ಟರು.

"ಏನಾದ್ರೂ ತಗೊಳ್ಳಿ" ಎಂದಳು ಅವಳು. "ಆಸ್ಪತ್ರೆ ವಿಚಾರಣೆ ಕೌಂಟರಲ್ಲಿ ಹನ್ನೊಂದು ವರ್ಷದಿಂದ ಜನರ ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ನಂಗೆ ನಾಲ್ಕು ದಿನ ಸುಮ್ನಿದ್ರೆ ಸಾಕು."

ಆದರೆ ಸುಮ್ಮನಿರುವುದುಂಟೆ? ನೀರು ತುಂಬಿ ಕೆಂಪು ದೀಪ ಹೊತ್ತಿದಾಗಲೆಲ್ಲ ಇವರ ಉಪನ್ಯಾಸ ಶುರುವಾಗುತ್ತಿತ್ತು. ಅತ್ತೆಯವರು ಮುಖ ತೊಳೆಯಲು ಎಷ್ಟು ಚೊಂಬು ನೀರು ಬಳಸಬಹುದು ಎಂಬಲ್ಲಿ ಆರಂಭವಾಗಿ, ಮಗಳ ಕೂದಲು ಎಷ್ಟುದ್ದ ಇರಬೇಕು ಎಂಬಲ್ಲಿಗೆ ಮುಟ್ಟುತ್ತಿತ್ತು. ಬಳಿಕ ಟ್ಯಾಂಕು ಎಳೆದುಕೊಂಡು ಹೊರಡುವರು. ಸುರಿದು, ಎರಡು ಸಲ ಜಾಲಿಸಿ, ಬಟ್ಟೆಯಲ್ಲಿ ಒರೆಸಿ, ಚಕ್ರದ ಕೀಲಿಗೆ ಗಡಿಯಾರದ ಎಣ್ಣೆ ಹನಿಸಿ, ಗಂಟೆ ಕಳೆದ ಮೇಲೆ ಮರಳುವರು. ಬಂದವರೇ, ಮೈಯೆಲ್ಲ ಹೇಸಿಗೆಯಾಯಿತೆಂದು ವ್ಯಾನಿನ ಬಚ್ಚಲಲ್ಲಿ ಎರಡೆರಡು ಬಾರಿ ಸೋಪು ಹಚ್ಚಿ ಸ್ನಾನ ಮಾಡುವರು. ಅಕ್ಕಪಕ್ಕದ ವ್ಯಾನಿನವರು "ಅಯ್ಯೋ ಪಾಪ" ಎನ್ನುತ್ತಿದ್ದರು. ಅದೊಂದೇ ಇವರಿಗೆ ಸಿಕ್ಕ ಸಮಾಧಾನ.

ಮೂರನೆಯ ಬೆಳಿಗ್ಗೆ ಸೊಂಟ ಹಿಡಿದುಕೊಂಡಿತು.

"ಇವತ್ತಿಂದ ನಾನು ಈ ವ್ಯಾನಲ್ಲಿ ಒಂದು ತೊಟ್ಟು ನೀರು ಮುಟ್ಟಲ್ಲ. ಕ್ಯಾಂಪಿನ ಸ್ನಾನದ ಮನೆಗೆ ಹೋಗ್ತೀನಿ. ಆಗ ಗೊತ್ತಾಗುತ್ತೆ, ತುಂಬಿಸ್ತಿರೋರು ಯಾರು ಅಂತ" ಎಂದು ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು. ಅತ್ತೆ, ಹೆಂಡತಿ, ಮಗಳು ಮುಖಮುಖ ನೋಡಿಕೊಂಡರು.

ಸ್ನಾನದ ಮನೆಯ ಜಗಲಿ ಗುಡಿಸುತ್ತಿದ್ದ ಹೆಂಗಸು ಇವರನ್ನು ಕಂಡು ಪೊರಕೆ ಬದಿಗಿಟ್ಟಳು.

"ಟ್ಯಾಂಕಿನೋರು ಅಲ್ವಾ? ಬನ್ನಿ ಸಾರ್. ನಿಮ್ಮನೆಯೋರ ಸೋಪು, ಬ್ರಷ್ಷು ಎಲ್ಲಾ ಆ ಗೂಡಲ್ಲಿದೆ. ಬಂದ ದಿನದಿಂದ ಮೂರೂ ಜನ ಇಲ್ಲಿಗೇ ಬರ್ತಾರೆ. ಪಾತ್ರೆನೂ ಇಲ್ಲೇ ತೊಳ್ಕೊಂಡು ಹೋಗ್ತಾರೆ."

ಗೂಡಿನಲ್ಲಿ ಮೂರು ಬ್ರಷ್ಷುಗಳು ಒಂದೇ ಲೋಟದಲ್ಲಿ ನಿಂತಿದ್ದವು. ಸಂಜೆಯಾದರೂ ವ್ಯಾನಿನ ಕೆಂಪು ದೀಪ ಹೊತ್ತಲಿಲ್ಲ. ಎರಡು ದಿನದಲ್ಲಿ ಆರು ಟ್ಯಾಂಕು ಎಳೆದಿದ್ದರು. ಎಲ್ಲವೂ ತಾವೇ ಮಿಂದ ನೀರು. ಎಳೆದದ್ದಕ್ಕೆ ಮಿಂದದ್ದು, ಮಿಂದದ್ದಕ್ಕೆ ಎಳೆದದ್ದು.

"ಒಂದು ಮಾತು ಹೇಳಬಾರದಿತ್ತೇನೇ?" ಎಂದರು.

ಮಡಚುಕುರ್ಚಿಯಲ್ಲಿದ್ದ ಹೆಂಡತಿ ಓದುತ್ತಿದ್ದ ಪುಸ್ತಕದಲ್ಲಿ ಬೆರಳಿಟ್ಟು ಮುಚ್ಚಿದಳು. "ಹೇಳೋಣ ಅಂತ್ಲೇ ಇದ್ದೆ. ಆದ್ರೆ ನೀವು ಟ್ಯಾಂಕ್ ಎಳ್ಕೊಂಡು ಹೋದ್ರೆ ಒಂದು ಗಂಟೆ ಬರ್ತಿರ್ಲಿಲ್ಲ. ಮೂರು ಸಲಕ್ಕೆ ಮೂರು ಗಂಟೆ. ಅದೇ ರೀ ನನ್ನ ರಜೆ."

ಇವರಿಗೆ ನೋವಾಯಿತು, ಸುಳ್ಳೇಕೆ. ಆದರೆ ಅವಳ ಹಣೆಯ ಗೆರೆಗಳು ಸಡಿಲವಾಗಿದ್ದುದೂ ಕಣ್ಣಿಗೆ ಬಿತ್ತು. ಪುಸ್ತಕದಲ್ಲಿ ಇನ್ನೂ ಅರ್ಧ ಉಳಿದಿತ್ತು. ರಜೆಯಲ್ಲಿ ಒಂದೇ ದಿನ. ಸೊಂಟ ಹಿಡಿದುಕೊಂಡೇ ಎದ್ದು ಟ್ಯಾಂಕಿನ ಹಿಡಿ ಹಿಡಿದರು.

"ಖಾಲಿ ಇದೆ ಅಪ್ಪ" ಎಂದಳು ಮಗಳು.

"ಗೊತ್ತು" ಎಂದು ಹೊರಟರು. ಪಕ್ಕದ ವ್ಯಾನಿನವರು ನೋಡುತ್ತಿದ್ದುದರಿಂದ ಸ್ವಲ್ಪ ಬಗ್ಗಿಯೇ ಎಳೆದರು.

"ರೀ" ಎಂದು ಹಿಂದಿನಿಂದ ಹೆಂಡತಿ ಕರೆದಳು. "ಎರಡು ಸಲ ಜಾಲಿಸ್ಕೊಂಡೇ ಬನ್ನಿ."