ಗುಂಡಯ್ಯನ ಉಷ್ಣ

ಗುಂಡಯ್ಯನಿಗೆ ಉಚ್ಚೆ ಉರಿಯಲು ಶುರುವಾಗಿ ಹದಿನೈದು ದಿನವಾಗಿತ್ತು. ಜೊತೆಗೆ ಹೇಳಿಕೊಳ್ಳಲಾಗದ ಜಾಗದಲ್ಲಿ ತುರಿಕೆ. ಬೇರೆಯವರಾಗಿದ್ದರೆ ಡಾಕ್ಟರ ಹತ್ತಿರ ಓಡುತ್ತಿದ್ದರು. ಇವನು ಓಡಲಿಲ್ಲ. ಯಾಕೆಂದರೆ ಹೋದ ವರ್ಷ ಹೊಗೆಸೊಪ್ಪು ಮಾರಿದ ಖುಷಿಯಲ್ಲಿ ಮೈಸೂರಿನ ಲಾಡ್ಜೊಂದರಲ್ಲಿ ಮಾಡಬಾರದ್ದನ್ನು ಮಾಡಿ ಬಂದಿದ್ದ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ತನಗೆ ‘ಆ ಕಾಯಿಲೆ’ಯೇ ಬಂದಿದೆ ಎಂದು ತಾನೇ ತೀರ್ಪು ಕೊಟ್ಟುಕೊಂಡ. ಹೆಂಡತಿ ಪುಟ್ಟತಾಯಮ್ಮನಿಗೆ ಗೊತ್ತಾದರೆ ಇಪ್ಪತ್ತು ವರ್ಷದ ಸಂಸಾರ ಅಲ್ಲಿಗೆ ಮುಗಿಯಿತು. ಅದಕ್ಕೇ ಅವಳಿಗೆ ‘ಉಷ್ಣ ಆಗದೆ’ ಅಂದಿದ್ದ.

ರಾಮನಾಥಪುರದ ಆ ಬೀದಿಯಲ್ಲಿ ಉಷ್ಣ ಎಂಬ ಮಾತು ಬಿದ್ದರೆ ಸಾಕು, ಮನೆಗೊಬ್ಬ ವೈದ್ಯ ಏಳುತ್ತಾನೆ. ಹೆಂಡತಿ ಎರಡು ಹೊತ್ತೂ ಚೊಂಬು ತುಂಬ ಬೆಲ್ಲದ ಪಾನಕ ಕುಡಿಸಿದಳು. ಎದುರುಮನೆ ಹೊನ್ನಕ್ಕ ಕಲ್ಲುಸಕ್ಕರೆ ನೆನೆಸಿದ ನೀರು ತಂದಳು. ಕುಡಿದಷ್ಟೂ ಬಾಯಾರಿಕೆ, ಕುಡಿದಷ್ಟೂ ಉರಿ.

ಕೊನೆಗೆ ಇವತ್ತು ಬೆಳಿಗ್ಗೆ, ಗುರುತಿನವರು ಸಿಗದ ಹಾಸನಕ್ಕೇ ಹೋಗೋಣವೆಂದು ಬಸ್ ಹತ್ತಿದ. ಮುಂದಿನ ಸೀಟಿನಲ್ಲೇ ಹೊನ್ನಕ್ಕ! ಮಗಳ ಮನೆಗೆ ಹೊರಟಿದ್ದಳು.

“ಎಲ್ಲಿಗ್ ಗುಂಡಣ್ಣ? ಮೊಕ ಯಾಕಿಂಗ್ ಬಾಡೋಗದೆ?”

“ಪೈಪ್ ತರಕೆ ಕಣಕ್ಕ.”

“ಸುಳ್ಳೇಳ್ಬೇಡ. ಉಷ್ಣ ಇಳ್ದಿಲ್ಲ ತಾನೆ? ತಡಿ.”

ಅರಕಲಗೂಡಿನಲ್ಲಿ ಅವನನ್ನು ಇಳಿಸಿ ಎರಡು ಲೋಟ ಕಬ್ಬಿನ ಹಾಲು ಕುಡಿಸಿಯೇ ಬಿಟ್ಟಳು. ಅಲ್ಲಿಂದ ಹಾಸನ ಮುಟ್ಟುವಷ್ಟರಲ್ಲಿ ಅವನಿಗಾಗಿ ಬಸ್ ಮೂರು ಕಡೆ ನಿಂತಿತು.

“ಏನ್ ಯಜಮಾನ್ರೆ, ರಸ್ತೆಗೆಲ್ಲ ನೀರ್ ಹಾಯ್ಸ್ತಿದ್ದೀರಾ?” ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ಹೊನ್ನಕ್ಕ ನಗಲಿಲ್ಲ, ಪುಟ್ಟತಾಯಮ್ಮನಿಗೆ ಫೋನ್ ಹಚ್ಚಿದಳು. “ನಿನ್ ಗಂಡಂಗೆ ಸೀರಿಯಸ್ಸು ಕಣವ್ವ. ಪೈಪ್ ತರಕೆ ಅಂತ ಸುಳ್ಳೇಳ್ಕಂಡು ಹಾಸನದ ದೊಡ್ಡಾಸ್ಪತ್ರೆಗೇ ಓಯ್ತಾವ್ನೆ. ಇರೋ ಕೆಲ್ಸ ಬುಟ್ಟು ಬಾ!”

ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ ಧನ್ಯಾ ಎಲ್ಲವನ್ನೂ ಕೇಳಿಸಿಕೊಂಡು ರಕ್ತ, ಮೂತ್ರ ಪರೀಕ್ಷೆಗೆ ಕೊಡಿಸಿದಳು. “ಲೈಂಗಿಕ ಸೋಂಕಾಗಿದ್ರೆ ನಿಮ್ಮ ಮನೆಯವರಿಗೂ ಚಿಕಿತ್ಸೆ ಆಗ್ಬೇಕು. ಹೆಂಗಸರಿಗೆ ಎಷ್ಟೋ ಸಲ ಗೊತ್ತೇ ಆಗಲ್ಲ, ಒಳಗೊಳಗೇ ಗರ್ಭಕೋಶ ಹಾಳಾಗುತ್ತೆ. ಇರ್ಲಿ, ಮೊದ್ಲು ರಿಪೋರ್ಟ್ ಬರ್ಲಿ.”

ಕೊನೆಯ ಮಾತು ಗುಂಡಯ್ಯನ ಕಿವಿಗೆ ಬೀಳಲಿಲ್ಲ. ತನ್ನ ಪಾಪಕ್ಕೆ ಆ ಬಡಪಾಯಿ ಹೆಂಡತಿ ಯಾಕೆ ಸಾಯಬೇಕು ಎಂದುಕೊಂಡ.

ಮಧ್ಯಾಹ್ನ ಪುಟ್ಟತಾಯಮ್ಮ ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡಳು.

“ಏನಾಗದೆ ಏಳಿ. ನಾನಿಲ್ವಾ?”

ಗುಂಡಯ್ಯ ಗೊಳೋ ಎಂದು ಅತ್ತ. ಲಾಡ್ಜಿನ ವಿಷಯ ಒಂದೂ ಬಿಡದೆ ಹೇಳಿದ. “ನೀನೂ ಟೆಸ್ಟ್ ಮಾಡುಸ್ಕೊಂಡ್ಬುಡು ಕಣ್ಮೀ. ಆಮೇಕೆ ನನ್ನ ಏನಾದ್ರೂ ಮಾಡು.”

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. ಎದ್ದು ಹೋಗಿ ಎದುರಿನ ಬೆಂಚಿನಲ್ಲಿ ಕೂತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಡಾಕ್ಟರು ಇಬ್ಬರನ್ನೂ ಒಳಗೆ ಕರೆದರು.

“ಸಿಫಿಲಿಸ್ ಇಲ್ಲ, ಗೊನೋರಿಯಾ ಇಲ್ಲ, ಎಚ್‌ಐವಿ ಇಲ್ಲ. ನಿಮಗಿರೋದು ಸಕ್ಕರೆ ಕಾಯಿಲೆ, ನಾನೂರಿಪ್ಪತ್ತು! ಉರಿ, ತುರಿಕೆ ಎಲ್ಲ ಅದರದ್ದೇ. ಪಾನಕ ಕುಡಿಸಿದ ಮಹಾನುಭಾವರು ಯಾರ್ರೀ?”

“ಅಂಗಾರೆ... ಆ ಕಾಯ್ಲೆ ಅಲ್ವಾ ಸಾ?”

“ಅಲ್ಲ. ಅದರಲ್ಲಿ ಎಷ್ಟೋ ಒಂದೆರಡು ವಾರದ ಔಷಧಿಗೆ ಹೋಗ್ತವೆ. ಇದು ಜೀವನಪೂರ್ತಿ.”

ಗುಂಡಯ್ಯ ಹೆಂಡತಿಯ ಮುಖ ನೋಡಿದ. ಅವಳು ಡಾಕ್ಟರನ್ನೇ ನೋಡುತ್ತಿದ್ದಳು.

“ಸಾ, ಇದ್ಕೆ ಎಂಡ್ತಿಗೂ ಮಾತ್ರೆ ಕೊಡ್ಬೇಕಾ?”

“ಬೇಡಮ್ಮ, ಇದು ಅಂಟೋ ಕಾಯಿಲೆ ಅಲ್ಲ.”

“ಅಂಗಾರೆ ನಾನಿಲ್ಲಿ ಇರೋ ಅಗತ್ಯ ಇಲ್ಲ ಬುಡಿ,” ಎಂದ ಪುಟ್ಟತಾಯಮ್ಮ ಸೆರಗು ಕೊಡವಿಕೊಂಡು ಎದ್ದು, ಚನ್ನರಾಯಪಟ್ಟಣದ ಅಣ್ಣನ ಮನೆಗೆ ಬಸ್ ಹಿಡಿಯಲು ಹೊರಟೇಬಿಟ್ಟಳು.